ಊಟವೂ ಸೇರಿ

ಆಲ್ಪ್ಸ್ ಪರ್ವತಗಳ ದನಗಾಹಿಗಳು ಬೇಸಗೆಯಲ್ಲಿ ದನಗಳೊಡನೆ ಮೇಲೇರಿ ತಂಗುತ್ತಿದ್ದ ಮರದ ಹಟ್ಟಿಗೆ ಫ್ರೆಂಚ್ ಭಾಷೆಯಲ್ಲಿ ಒಂದು ಹೆಸರುಂಟು. ಅವರ ಉಚ್ಚಾರದಲ್ಲಿ ಅದು ಹೆಚ್ಚುಕಡಮೆ ‘ಶಾಲೆ’ ಎಂದೇ ಕಿವಿಗೆ ಬೀಳುತ್ತದೆ. ನಮ್ಮ ಶಾಲೆಗೂ ಅದಕ್ಕೂ ನಂಟೇನೂ ಇಲ್ಲ. ಆದರೂ ಪಾಠಶಾಲೆ, ಪಾಕಶಾಲೆ, ಧರ್ಮಶಾಲೆಗಳ ನಡುವೆ ಬೆಳೆದ ನಮ್ಮಂಥವರಿಗೆ ಆ ಹೆಸರು ಪರಕೀಯವೆನಿಸುವುದಿಲ್ಲ. ಈಗ ಆ ಹೆಸರಿನ ಮನೆಗಳಲ್ಲಿ ತಂಗುವವರು ಬಹುಮಟ್ಟಿಗೆ ಹಿಮದ ಮೇಲೆ ಜಾರಾಟವಾಡಲು ಬರುವ ಪ್ರವಾಸಿಗಳು. ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿರುವ ನನ್ನ ಅಕ್ಕನ ಮಗ 2022ರ ಡಿಸೆಂಬರಿನಲ್ಲಿ ಹನ್ನೆರಡು ಮಂದಿ ಗೆಳೆಯರೊಡನೆ ಅಂಥದೊಂದು ಮನೆಯಲ್ಲಿ ಒಂದು ವಾರವಿದ್ದು ಬಂದು, ಅದರ ವೃತ್ತಾಂತವನ್ನೆಲ್ಲ ಫೋನಿನಲ್ಲಿ ನನಗೆ ಒಪ್ಪಿಸಿದ. ಮನೆಯಲ್ಲಿಯೇ ಅಡುಗೆಯವರಿರುತ್ತಾರೆ, ಬೆಳಗಿನ ಉಪಾಹಾರ, ಸಂಜೆ ಹಿಮದಿಂದ ಮರಳಿ ಬಂದೊಡನೆ ಚಹಾ ಮತ್ತು ಕೇಕು, ರಾತ್ರಿಯ ಭೋಜನ, ಎಲ್ಲವೂ ತಲೆಗಿಷ್ಟೆಂದು ಮೊದಲೇ ಕೊಟ್ಟ ಹಣದಲ್ಲಿಯೇ ಸೇರಿಹೋಗುತ್ತವೆ. ವಾರಕ್ಕೊಂದು ರಾತ್ರಿ ಅಡುಗೆಯವರಿಗೆ ಬಿಡುವು. ಅಂದು ಅತಿಥಿಗಳು ಹೊರಗೆ ಉಣ್ಣಬೇಕು. ಜಾರುಹಲಗೆಯ ಬಾಡಿಗೆ, ಬೂಟಿನ ಬಾಡಿಗೆ, ಬೆಟ್ಟದ ಮೇಲಕ್ಕೆ ಒಯ್ಯುವ ತೂಗುತೊಟ್ಟಿಲಿನ ಚೀಟಿ ಇವೆಲ್ಲ ಬೇರೆ.

“ಮಾವ, ದರಪಟ್ಟಿಯಲ್ಲಿ ಬರೆದದ್ದನ್ನು ಎಲ್ಲರೂ ಓದುತ್ತಾರೆ. ಬರೆಯದೆ ಬಿಟ್ಟದ್ದನ್ನು ಓದಬೇಕು” ಎಂದ.

ಕಾವ್ಯದ ವಿಷಯದಲ್ಲಿ ಇದೇ ಮಾತನ್ನು ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದಿರುವ ನಾನು ನಕ್ಕು ಸುಮ್ಮನಾದೆ. ಒಂದೇ ತಿಂಗಳಲ್ಲಿ ಅದನ್ನು ಮರೆತುಬಿಟ್ಟೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ಊರುಗಳ ಕನ್ನಡ ಅಧ್ಯಾಪಕರದೊಂದು ಬಳಗ ನಮ್ಮದು. ಹೆಸರಿಲ್ಲ, ಅಧ್ಯಕ್ಷರಿಲ್ಲ, ಆದುದರಿಂದ ಜಗಳವೂ ಕಡಮೆ. ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರಿ ಒಂದು ಪುಸ್ತಕವನ್ನು ಓದಿ ಚರ್ಚಿಸುವುದು ವಾಡಿಕೆ. ನಮ್ಮಲ್ಲಿ ಕಾಯಂ ನೌಕರಿಯ ಹಿರಿಯರುಂಟು, ನಿವೃತ್ತರೊಬ್ಬರುಂಟು, ಅತಿಥಿ ಉಪನ್ಯಾಸಕರೂ ಉಂಟು. ತಿಥಿ ಗೊತ್ತುಪಡಿಸದೆ ಬರುವವನು ಅತಿಥಿ ಎಂದು ನಾವು ಮಕ್ಕಳಿಗೆ ಪದದ ಅರ್ಥ ಬಿಡಿಸಿ ಹೇಳುತ್ತೇವೆ. ಈ ಅತಿಥಿಗಳಾದರೋ ಬೆಳಗ್ಗೆ ಹತ್ತು ಗಂಟೆಗೆ ತಪ್ಪದೆ ಬರುತ್ತಾರೆ. ತಿಥಿಯಿಲ್ಲದೆ ಬರುವುದು ಅವರ ಸಂಬಳ.

2023ರ ಜನವರಿಯಲ್ಲಿ ಬಳಗದ ಹದಿನಾಲ್ಕು ಮಂದಿ ಎರಡು ರಾತ್ರಿ ಎಲ್ಲಿಯಾದರೂ ಹೋಗಿಬರೋಣವೆಂದಾಯಿತು. ಮನೆ ಹುಡುಕುವ ಹೊಣೆ ನನ್ನ ಮೇಲೆ ಬಿತ್ತು. ಕೊಡಗಿನ ಕಡೆ ಒಂದು ಮನೆ ಸಿಕ್ಕಿತು. ತಲೆಗೆ ರಾತ್ರಿಯೊಂದಕ್ಕೆ 900 ರೂಪಾಯಿ. ಅಷ್ಟು ಅಗ್ಗಕ್ಕೆ ಗೊತ್ತುಮಾಡಿದೆನೆಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಊಟದ ಮಾತು ದರಪಟ್ಟಿಯಲ್ಲಿ ಇರಲಿಲ್ಲ. ಇಲ್ಲದ್ದನ್ನು ನಾನು ಓದಲಿಲ್ಲ.

ಹೋದ ಮೇಲೆ ತಿಳಿಯಿತು. ಇಡ್ಲಿಗೆ ಒಂದು ಬೆಲೆ, ದೋಸೆಗೆ ಒಂದು ಬೆಲೆ, ಎರಡನೆಯ ಲೋಟ ಕಾಫಿಗೆ ಒಂದು ಬೆಲೆ. ಸಂಜೆ ಅಂಗಳದಲ್ಲಿ ನಾಲ್ಕು ಕೊರಡು ಉರಿಸಿದ್ದಕ್ಕೂ ಬೆಲೆ. ಹತ್ತಿರದಲ್ಲಿ ಬೇರೆ ಹೋಟೆಲಿರಲಿಲ್ಲ. ಉಂಡವರು ಉಂಡದ್ದಕ್ಕೆ ಕೊಡುವುದೆಂದು ಮಾಡಿಕೊಂಡೆವು. ನ್ಯಾಯವಾದ ಏರ್ಪಾಟೆಂದೇ ಆಗ ತೋರಿತು. ನಮ್ಮೊಡನೆ ಬಂದಿದ್ದ ಅತಿಥಿ ಉಪನ್ಯಾಸಕರೊಬ್ಬರು, ಮೂವತ್ತೈದರ ಆಸುಪಾಸಿನ ಗಟ್ಟಿ ಆಳು, ಮೊದಲ ರಾತ್ರಿ ಎರಡು ಇಡ್ಲಿ ತರಿಸಿಕೊಂಡು, “ಯಾಕೋ ಹೊಟ್ಟೆ ಸರಿಯಿಲ್ಲ ಸಾರ್” ಎಂದರು. ಮರುದಿನ ಮಧ್ಯಾಹ್ನ ಬರಿಯ ಮಜ್ಜಿಗೆ. ಹೆಂಗಸರು ಜೀರಿಗೆಯ ಕಷಾಯ ಹೇಳಿದರು, ಒಬ್ಬರು ಮಾತ್ರೆ ಕೊಟ್ಟರು. ಮಾತ್ರೆಯನ್ನೂ ನುಂಗಿದರು, ಪಾಪ.

ಮೂರನೆಯ ದಿನ ಬೆಳಗ್ಗೆ ನಾನು ಎಂದಿನಂತೆ ಬೇಗ ಎದ್ದು ರಸ್ತೆಯ ಕಡೆ ನಡೆದೆ. ಮೈಲಿ ದೂರದ ಕವಲುದಾರಿಯಲ್ಲಿ ಒಂದು ಪೆಟ್ಟಿಗೆಯಂಗಡಿ. ಅದರ ಬೆಂಚಿನ ಮೇಲೆ ಇವರು ಕುಳಿತು ಚಹಾದಲ್ಲಿ ಬನ್ನು ಅದ್ದಿಕೊಂಡು ತಿನ್ನುತ್ತಿದ್ದರು. ಪಕ್ಕದ ಕಾಗದದಲ್ಲಿ ಇನ್ನೂ ಎರಡು ಬನ್ನುಗಳಿದ್ದುವು. ನನ್ನನ್ನು ಕಂಡು ಎದ್ದು ನಿಂತು, “ಇಲ್ಲಿಯ ಚಹಾ ಬಹಳ ಚೆನ್ನಾಗಿದೆ ಸಾರ್, ಕುಡಿಯಿರಿ” ಎಂದರು. ಕುಡಿದೆ. ಏನು ಮಾತನಾಡಿದೆವೋ ನೆನಪಿಲ್ಲ. ನಾನು ಜೇಬಿಗೆ ಕೈ ಹಾಕುವ ಮೊದಲೇ ನನ್ನ ಚಹಾದ ಹಣವನ್ನೂ ಅವರೇ ಕೊಟ್ಟುಬಿಟ್ಟರು.

ಊರಿಗೆ ಬಂದು ಲೆಕ್ಕ ಹಾಕಿದೆ. ಬಾಡಿಗೆ 1,800, ಊಟ, ಕಾಫಿ, ಬೆಂಕಿ ಎಲ್ಲ ಸೇರಿ ಸರಾಸರಿ ತಲೆಗೆ 2,650, ಒಟ್ಟು 4,450 ರೂಪಾಯಿ. ಅಗ್ಗದ ಮನೆಯೆಂದು ನಾನು ಬೀಗಿದ ಮನೆಯ ನಿಜವಾದ ಬೆಲೆ ಇದು. ಅದರಲ್ಲಿ ಒಬ್ಬರು ಉಪವಾಸವಿದ್ದ ಉಳಿತಾಯವೂ ಸೇರಿತ್ತು.

ಮರುವರ್ಷದ ಪ್ರವಾಸದ ಮಾತು ಜೂನ್ ತಿಂಗಳ ಸಭೆಯಲ್ಲಿಯೇ ಎದ್ದಿತು. ಪೆಟ್ಟಿಗೆಯಂಗಡಿಯ ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ, ಹೇಳುವಂತೆಯೂ ಇರಲಿಲ್ಲ. ಹೇಳದೆಯೇ ಎಲ್ಲರನ್ನೂ ಒಂದು ದಾರಿಗೆ ತರಬೇಕಾಗಿತ್ತು. ಹೆಗ್ಗಡದೇವನಕೋಟೆಯ ಮಿತ್ರರೊಬ್ಬರು ಕಬಿನಿಯ ಹಿನ್ನೀರಿನ ಅಂಚಿನ ಒಂದು ದೊಡ್ಡ ವಿಹಾರಧಾಮದ ಹೆಸರೆತ್ತಿದರು. ಇಬ್ಬರ ಕೋಣೆಗೆ ರಾತ್ರಿಯೊಂದಕ್ಕೆ 16,000 ರೂಪಾಯಿ. ದಿನಕ್ಕೆ 7,500 ಮೀರಿದ ಕೋಣೆಗೆ ಸೇಕಡಾ 18 ತೆರಿಗೆ. ಎರಡು ರಾತ್ರಿಗೆ ತಲೆಗೆ 18,880 ಆಗುತ್ತದೆಂದು ಕಾಗದದಲ್ಲಿ ಬರೆದು ತೋರಿಸಿದೊಡನೆ ಆ ಪ್ರಸ್ತಾಪ ತಾನಾಗಿಯೇ ಬಿದ್ದುಹೋಯಿತು. ಅದಕ್ಕೂ ಮೊದಲು, ಕಾಡಂಚಿನ ಹಳ್ಳಿಯವರಾದ ನಮ್ಮ ಅತಿಥಿ ಉಪನ್ಯಾಸಕರು, “ಆನೆ ನೋಡೋಕೆ ದುಡ್ಡು ಕೊಡೋದೇ ಸಾರ್? ನಮ್ಮ ಹೊಲಕ್ಕೆ ಅದು ತಾನಾಗಿಯೇ ಬರುತ್ತೆ” ಎಂದು ಎಲ್ಲರನ್ನೂ ನಗಿಸಿದ್ದರು. ಬನ್ನು ಕಂಡಿದ್ದ ನನಗೆ ಮಾತ್ರ ನಗು ಪೂರ್ತಿ ಬರಲಿಲ್ಲ.

ಕೃಷ್ಣರಾಜನಗರದ ನಿವೃತ್ತ ಮೇಷ್ಟ್ರು ಇನ್ನೊಂದು ತುದಿಗೆ ಹೋದರು. ಅವರ ಸೀಮೆಯ ಕಪ್ಪಡಿಯಲ್ಲಿ ಶಿವರಾತ್ರಿಯ ಹೊತ್ತಿಗೆ ರಾಚಪ್ಪಾಜಿಯವರ ಜಾತ್ರೆ. ಮಂಟೇಸ್ವಾಮಿ ಪರಂಪರೆಯ ಒಕ್ಕಲುಗಳು ಪಾತ್ರೆಪಡಗದೊಡನೆ ಬಂದು, ಕಾವೇರಿಯ ದಡದಲ್ಲಿ ಬಿಡಾರ ಹೂಡಿ, ಅಲ್ಲಿಯೇ ಬೇಯಿಸಿ ಉಣ್ಣುತ್ತಾರೆ. “ಬಾಡಿಗೆಯೂ ಬೇಡ, ದರಪಟ್ಟಿಯೂ ಬೇಡ. ನಾವೇ ಒಲೆ ಹೂಡೋಣ” ಎಂದರು.

ಪಿರಿಯಾಪಟ್ಟಣದ ಮೇಡಂ ತಲೆಯೆತ್ತಿದರು. “ಒಲೆ ಹೂಡುವವರು ನೀವು ಸರಿ, ಉರುಬುವವರು ಯಾರು ಮೇಷ್ಟ್ರೇ? ಆರು ಜನ ಹೆಂಗಸರು ಮನೆಯ ಒಲೆ ಬಿಟ್ಟು ಹೊಳೆದಂಡೆಯ ಒಲೆಗೆ ಬರಬೇಕೆ?”

ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಅಡುಗೆ ಮಾಡಿ ಬಡಿಸುವವರು ಇರಬೇಕು, ಅದರ ಹಣ ಮುಂಚೆಯೇ ಸಂದಿರಬೇಕು ಎಂಬುದಕ್ಕೆ ನಾನು ಹುಡುಕುತ್ತಿದ್ದ ಸಮರ್ಥನೆಯನ್ನು ಅವರೇ ಒದಗಿಸಿದರು. ಖಜಾಂಚಿಯ ಕೆಲಸವನ್ನೂ ಅವರೇ ವಹಿಸಿಕೊಂಡರು. ತಿಂಗಳಿಗೆ 700 ರೂಪಾಯಿ, ಜೂನಿನಿಂದ ಜನವರಿಯವರೆಗೆ ಎಂಟು ಕಂತು. ಒಂದು ತಿಂಗಳು ತಪ್ಪಿದರೆ ಇನ್ನೊಂದು ತಿಂಗಳು ಕೂಡಿಸಿ ಕೊಡಬಹುದು. ಪುಸ್ತಕವನ್ನು ಅವರು ಒಮ್ಮೆಯೂ ಸಭೆಯಲ್ಲಿ ಓದಲಿಲ್ಲ. ಮದುವೆಯ ಮುಯ್ಯಿಯನ್ನು ಕೂಗಿ ಹೇಳಿ ಬರೆಸುವ ನಾಡಿನಲ್ಲಿ ಇದು ದೊಡ್ಡ ಸಂಯಮ. ಅವರಿಗೆ ಏನಾದರೂ ಗೊತ್ತಿತ್ತೋ ಏನೋ, ನಾನು ಕೇಳಲಿಲ್ಲ.

ಆಮೇಲೆ ನಾಲ್ಕೈದು ಮನೆಗಳಿಗೆ ಹೋಗಿ ನೋಡಿದೆ. ಫೋನಿನಲ್ಲಿ ಎಲ್ಲ ಮನೆಯೂ ಸುಂದರ. ಚಿತ್ರದಲ್ಲಿ ಕಂಡ ಹಿನ್ನೀರು ಹೋಗಿ ನೋಡಿದರೆ ಎರಡು ಮೈಲಿ ದೂರದಲ್ಲಿರುತ್ತದೆ. ಹದಿನಾಲ್ಕು ಜನಕ್ಕೆ ಸ್ಥಳವಿದೆಯೆಂದರೆ ಆರು ಜನಕ್ಕೆ ಮಂಚ, ಮಿಕ್ಕವರಿಗೆ ಚಾಪೆ. ನಾನು ಮೊದಲು ಅಡುಗೆಮನೆಗೆ ಹೋಗುತ್ತಿದ್ದೆ, ಅನಂತರ ಬಚ್ಚಲಿಗೆ. ಇವೆರಡು ಸರಿಯಿದ್ದರೆ ಪಡಸಾಲೆ ಹೇಗಿದ್ದರೂ ನಡೆಯುತ್ತದೆ. ನಾವಿರುವಾಗ ಬೇರೆ ತಂಡವನ್ನು ಸೇರಿಸುತ್ತೀರಾ, ಕಾಫಿ ಎಷ್ಟು ಸಲ, ಕೇಳಿದವರಿಗೆ ಎರಡನೆಯ ಸಲ ಬಡಿಸುತ್ತೀರಾ, ವಿದ್ಯುತ್ತು ಹೋದರೆ ಬಿಸಿನೀರಿನ ಗತಿಯೇನು ಎಂದು ಒಂದೊಂದನ್ನೂ ಕೇಳಿದೆ. ಒಬ್ಬ ಯಜಮಾನ, “ತಾವು ತಪಾಸಣೆ ಇಲಾಖೆಯವರೇ?” ಎಂದ.

ಕೊನೆಗೆ ಹೆಗ್ಗಡದೇವನಕೋಟೆಯಿಂದ ಅಂತರಸಂತೆಯ ಕಡೆ ಹೋಗುವ ದಾರಿಯಲ್ಲಿ, ಒಳಗೆ ಸರಿದಿದ್ದ ಒಂದು ತೋಟದ ಮನೆ ಒಪ್ಪಿತವಾಯಿತು. ಐದು ಕೋಣೆ, ಗಂಡಸರು ಮೂರರಲ್ಲಿ, ಹೆಂಗಸರು ಎರಡರಲ್ಲಿ. ಯಜಮಾನರು ಪಕ್ಕದ ಮನೆಯಲ್ಲಿಯೇ ಸಂಸಾರವಂದಿಗರು. ತಲೆಗೆ 2,800 ಕೇಳಿದರು. ಶುಕ್ರವಾರದಿಂದ ಭಾನುವಾರದವರೆಗೆ ಬೆಂಗಳೂರಿನ ಜನ ತುಂಬಿರುತ್ತಾರೆ, ಸೋಮವಾರದಿಂದ ಮನೆ ಖಾಲಿ ಎಂಬುದನ್ನು ಮಾತಿನ ನಡುವೆ ಅವರೇ ಬಾಯಿಬಿಟ್ಟಿದ್ದರು. ಸಂಕ್ರಾಂತಿ ಕಳೆದ ಮರುವಾರ, ಸೋಮವಾರ ಬಂದು ಬುಧವಾರ ಹೋಗುತ್ತೇವೆಂದಾಗ 2,300ಕ್ಕೆ ಇಳಿದರು. ಕಾಲವೂ ನಮಗೆ ಅನುಕೂಲವಾಗಿತ್ತು: ಬೇಸಗೆಯಲ್ಲಿ ಹಿನ್ನೀರು ಇಳಿದು ಹುಲ್ಲು ಚಿಗುರಿದಾಗ ಆನೆಗಳು ಹಿಂಡುಗಟ್ಟಿ ಬರುತ್ತವೆ, ಅವುಗಳ ಹಿಂದೆ ಪ್ರವಾಸಿಗಳೂ ಬರುತ್ತಾರೆ, ದರವೂ ಏರುತ್ತದೆ. ನಮಗೆ ಬೇಕಾದದ್ದು ಆನೆಯಲ್ಲ, ಪರಸ್ಪರ ಮುಖ.

ಸಫಾರಿಯನ್ನು ಲೆಕ್ಕದಿಂದ ಬಿಟ್ಟೆವು. ಎಲ್ಲರೂ ಹೋಗದ ಕಡೆಗೆ ಯಾರೂ ಹೋಗಬಾರದೆಂದು ಮಾತಾಯಿತು. ಸಫಾರಿ ಸೇರಿಸಿ ಹಣ ಕಟ್ಟುವವರು ಕಾಡಿನ ಬಾಗಿಲು ಮುಚ್ಚಿದರೆ ಹಣ ಮರಳುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಲೇಸು. 2025ರ ನವೆಂಬರಿನಲ್ಲಿ, ಕಾಡಂಚಿನ ಊರುಗಳಲ್ಲಿ ಹುಲಿಯ ದಾಳಿಗೆ ಜನ ಬಲಿಯಾದ ಮೇಲೆ, ಸರ್ಕಾರವು ನಾಗರಹೊಳೆ ಮತ್ತು ಬಂಡೀಪುರಗಳೆರಡರಲ್ಲಿಯೂ ಸಫಾರಿಯನ್ನು ನಿಲ್ಲಿಸಿತು.

2024ರ ಜನವರಿಯ ಆ ಎರಡು ದಿನ ಚೆನ್ನಾಗಿ ಕಳೆದುವು. ಹಿನ್ನೀರಿನ ದಡದವರೆಗೆ ನಡೆದುಹೋದೆವು. ಕಬಿನಿಯ ಅಣೆಕಟ್ಟು ಮುಗಿದದ್ದು 1974ರಲ್ಲಿ. ಕಾಕನಕೋಟೆಯ ಕೊನೆಯ ಖೆಡ್ಡಾ ಅದಕ್ಕೆ ಮೂರು ವರ್ಷ ಮುಂಚೆ, 1971ರಲ್ಲಿ. ಆನೆಗಳನ್ನು ಹೊಳೆಗೆ ಅಟ್ಟಿ ಹಿಡಿಯುತ್ತಿದ್ದ ನೆಲ ಈಗ ನೀರಿನ ಕೆಳಗಿದೆ. ಮಾಸ್ತಿಯವರ ‘ಕಾಕನಕೋಟೆ’ ನಾಟಕವನ್ನು ಆ ತಿಂಗಳ ಪುಸ್ತಕವಾಗಿ ಇಟ್ಟುಕೊಂಡಿದ್ದೆವು. ದಡದ ಹುಲ್ಲಿನ ಮೇಲೆ ಕುಳಿತು ಅದರ ಭಾಗಗಳನ್ನು ಹಂಚಿಕೊಂಡು ಓದಿದೆವು; ಕಾಕನ ಮಾತುಗಳನ್ನು ನಮ್ಮ ಅತಿಥಿ ಉಪನ್ಯಾಸಕರು ಓದಿದರು. ಕಾಡಂಚಿನ ಅವರ ದನಿಯಲ್ಲಿ ಕೇಳಿದ ಮೇಲೆ ತರಗತಿಯಲ್ಲಿ ನಾನು ಓದುತ್ತಿದ್ದ ರೀತಿಗೆ ನಾಚಿಕೆಯಾಯಿತು.

ರಾತ್ರಿ ಹಿದುಕಿದ ಅವರೆಕಾಳಿನ ಸಾರು, ಮುದ್ದೆ. ಮಾಂಸ ತಿನ್ನುವವರಿಗೆ ಬೇರೆ ಪಾತ್ರೆಯಲ್ಲಿ ನಾಟಿಕೋಳಿ. ಅಡುಗೆಯ ಇಬ್ಬರು ಹೆಂಗಸರು ಬಡಿಸುತ್ತ ಬಂದರು. ಸಾಲಿನ ಕೊನೆಯಲ್ಲಿ ಕುಳಿತಿದ್ದ ಇವರು ಎರಡನೆಯ ಮುದ್ದೆ ಮುಗಿಸಿ, “ಅಕ್ಕಾ, ಇನ್ನೊಂದು ಹಾಕಿ. ಸಾರು ಸ್ವಲ್ಪ ಜಾಸ್ತಿ ಬರಲಿ” ಎಂದು ಕೂಗಿದರು. “ಹೊಟ್ಟೆ ಈಗ ಹೇಗಿದೆ?” ಎಂದು ಹೋದ ಸಲ ಮಾತ್ರೆ ಕೊಟ್ಟಿದ್ದವರು ಕೇಳಿದರು. “ಈ ಊರಿನ ನೀರು ಒಗ್ಗುತ್ತೆ ಮೇಡಂ” ಎಂದರು. ನಾನು ಎಲೆಯ ಕಡೆ ನೋಡುತ್ತಿದ್ದೆ.

ಲೆಕ್ಕ ಹೀಗಾಯಿತು: ವಸತಿ ಮತ್ತು ಊಟಕ್ಕೆ 4,600, ವ್ಯಾನಿಗೆ 900, ಒಟ್ಟು 5,500. ವ್ಯಾನನ್ನು ಬಿಟ್ಟು ನೋಡಿದರೆ ಹಿಂದಿನ ವರ್ಷಕ್ಕಿಂತ 150 ರೂಪಾಯಿ ಹೆಚ್ಚು. ಆ 150ನ್ನು ಹಿಂದಿನ ಸಲ ಯಾರ ಹೊಟ್ಟೆಯಿಂದ ಉಳಿಸಿದ್ದೆವೆಂಬುದನ್ನು ಲೆಕ್ಕದ ಪುಸ್ತಕ ಹೇಳುವುದಿಲ್ಲ. ಕಂತಿನಲ್ಲಿ ಮಿಕ್ಕಿದ್ದ 1,400 ರೂಪಾಯಿಯನ್ನು ಅಡುಗೆಯ ಇಬ್ಬರಿಗೂ ಸಮನಾಗಿ ಕೊಟ್ಟು ಬಂದೆವು.

ಈ ಸಲ ಮನೆ ಹುಡುಕುವ ಹೊಣೆಯನ್ನು ಅವರಿಗೇ ವಹಿಸಿದ್ದೇವೆ. ಹೋದ ತಿಂಗಳ ಸಭೆಗೆ ಚುಂಚನಕಟ್ಟೆಯ ಹತ್ತಿರದ ಒಂದು ಮನೆಯ ವಿವರವನ್ನು ಬರೆದುಕೊಂಡು ಬಂದಿದ್ದರು. ಕೋಣೆ ಎಷ್ಟು, ಬಚ್ಚಲು ಎಷ್ಟು, ಕಾಫಿ ದಿನಕ್ಕೆ ಎಷ್ಟು ಸಲ, ಎಲ್ಲವೂ ಇತ್ತು. ನಾನು ಬಾಯಿ ತೆರೆಯುವ ಮೊದಲೇ, “ಊಟವೂ ಸೇರಿ ಸಾರ್” ಎಂದರು.