ಹೆಸರೊಂದೇ, ತಳಿ ಬೇರೆ: ಚರ್ಮದ ಬ್ಯಾಕ್ಟೀರಿಯಾ ಮತ್ತು ನಮ್ಮ ಔಷಧ ವ್ಯಾಪಾರ

ಬೇಸಿಗೆ ಬಂತೆಂದರೆ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಔಷಧ ಅಂಗಡಿಗಳಲ್ಲಿ ಕುರು, ಕೀವುಹುಣ್ಣು, ಬೆವರುಸಾಲೆಗಳಿಗೆ ಮುಲಾಮು ಮತ್ತು ಮಾತ್ರೆ ಕೇಳುವವರ ಸಂಖ್ಯೆ ಹೆಚ್ಚುತ್ತದೆ. ಹೊಲಗೆಲಸದವರು, ದಾಲ್ ಮಿಲ್ಲಿನ ಹಮಾಲರು, ಗಾಣಗಾಪುರಕ್ಕೆ ಬಂದ ಯಾತ್ರಿಕರು ಇವರಲ್ಲಿರುತ್ತಾರೆ. ಅನೇಕರ ಕೈಯಲ್ಲಿ ವೈದ್ಯರ ಚೀಟಿ ಇರುವುದಿಲ್ಲ. ಮೂರ್ನಾಲ್ಕು ಮಾತ್ರೆಗಳನ್ನು ಕತ್ತರಿಸಿ ಕೊಡುವ ಈ ಚಿಲ್ಲರೆ ವ್ಯವಹಾರದ ಪರಿಣಾಮವೇನೆಂಬುದನ್ನು ಬ್ಯಾಕ್ಟೀರಿಯಾಗಳ ತಳಿ ಗುರುತಿಸುವ ಶಾಸ್ತ್ರವು ಈಗ ಸ್ಪಷ್ಟವಾಗಿ ತೋರಿಸಿಕೊಟ್ಟಿದೆ. ಆದ್ದರಿಂದಲೇ ವಾಣಿಜ್ಯ ಪತ್ರಿಕೆಯಲ್ಲಿ ಈ ವಿಷಯದ ಪ್ರಸ್ತಾಪ.

ಕುರುವಿಗೆ ಸಾಮಾನ್ಯ ಕಾರಣ ಸ್ಟಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಆರೋಗ್ಯವಂತರಲ್ಲಿಯೂ ಸುಮಾರು ನಾಲ್ವರಲ್ಲಿ ಒಬ್ಬರ ಮೂಗಿನೊಳಗೆ ಇದು ಯಾವ ಉಪದ್ರವವನ್ನೂ ಕೊಡದೆ ನೆಲೆಸಿರುತ್ತದೆ. ಕೆಲವರಲ್ಲಿ ಮಾತ್ರ ಕೀವು ಕಟ್ಟುವುದಕ್ಕೆ ಗಾಯ, ಸಕ್ಕರೆ ಕಾಯಿಲೆ ಮೊದಲಾದ ಕಾರಣಗಳೊಡನೆ ಬ್ಯಾಕ್ಟೀರಿಯಾದ ತಳಿಯೂ ಒಂದು ಕಾರಣವಾಗಿದೆ. ನಮ್ಮ ಭಾಗದಲ್ಲಿ ಒಂದೇ ದೇವರ ಹೆಸರಿನ ಟ್ರೇಡಿಂಗ್ ಕಂಪನಿಗಳು ಎಷ್ಟೋ ಇರುತ್ತವೆ. ಯಾರ ವಹಿವಾಟು ಯಾರದೆಂಬುದನ್ನು ನಿರ್ಧರಿಸುವುದು ಜಿಎಸ್‌ಟಿ ನೋಂದಣಿ ಸಂಖ್ಯೆ. ಬ್ಯಾಕ್ಟೀರಿಯಾಗಳಿಗೂ ಇಂತಹ ವ್ಯವಸ್ಥೆ ಇದೆ. ಸ್ಟಫೈಲೊಕಾಕಸ್‌ಗಾಗಿ 2000ದಲ್ಲಿ ಪ್ರಕಟವಾದ ಪದ್ಧತಿಯಂತೆ ಅದರ 7 ನಿಗದಿತ ವಂಶವಾಹಿಗಳ ಭಾಗಗಳನ್ನು ಓದಿ, ಪ್ರತಿಯೊಂದರ ಪಾಠಾಂತರಕ್ಕೂ ಒಂದು ಅಂಕಿ ಕೊಟ್ಟು, ಆ 7 ಅಂಕಿಗಳ ಜೋಡಣೆಗೆ ಒಂದು ತಳಿ ಸಂಖ್ಯೆ ನೀಡಲಾಗುತ್ತದೆ. ಜಗತ್ತಿನ ಯಾವ ಪ್ರಯೋಗಾಲಯದಲ್ಲಿ ಪರೀಕ್ಷಿಸಿದರೂ ಅದೇ ಸಂಖ್ಯೆ ಬರುತ್ತದೆ.

ಈ ಸಂಖ್ಯೆಗಳ ಪೈಕಿ 772 ನಮಗೆ ಸಂಬಂಧಿಸಿದ್ದು. ಬೆಂಗಳೂರಿನ ಗಾಯತ್ರಿ ಅರಕೆರೆ ಮತ್ತು ಸಹಸಂಶೋಧಕರು ಭಾರತದ ಹಲವು ನಗರಗಳ ಮಾದರಿಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೆಥಿಸಿಲಿನ್ ಔಷಧಕ್ಕೆ ಬಗ್ಗದ ಮಾದರಿಗಳಲ್ಲಿ 22 ಮತ್ತು 772 ಸಂಖ್ಯೆಯ ತಳಿಗಳೇ ಪ್ರಮುಖವಾಗಿದ್ದವು. (ಮೆಥಿಸಿಲಿನ್ ಬಳಕೆಗೆ ಬಂದದ್ದು 1959ರಲ್ಲಿ, ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬ್ರಿಟನ್ನಿನಲ್ಲಿ ವರದಿಯಾದದ್ದು 1961ರಲ್ಲಿ. ಎರಡೇ ವರ್ಷದ ಲಾಭ!) 772 ತಳಿಯು ಬಿಳಿ ರಕ್ತಕಣಗಳನ್ನು ನಾಶಪಡಿಸುವ ವಿಷವನ್ನು ಸಾಮಾನ್ಯವಾಗಿ ಉತ್ಪಾದಿಸುತ್ತದೆ. ಆಸ್ಪತ್ರೆಯ ಮೆಟ್ಟಿಲು ಹತ್ತದವರಲ್ಲಿಯೂ ಕುರುಗಳನ್ನು ಉಂಟುಮಾಡುತ್ತದೆ.

2019ರಲ್ಲಿ ಅನೇಕ ರಾಷ್ಟ್ರಗಳ ವಿಜ್ಞಾನಿಗಳು ಈ ತಳಿಯ 340 ಮಾದರಿಗಳ ಸಂಪೂರ್ಣ ವಂಶವಾಹಿ ಪಾಠವನ್ನು ಹೋಲಿಸಿ ನೋಡಿದರು. ಅದರ ಮೂಲ ಭಾರತ ಉಪಖಂಡವೆಂದೂ, 1990ರ ದಶಕದಲ್ಲಿ ಹಲವು ಔಷಧಗಳನ್ನು ಒಮ್ಮೆಗೇ ಎದುರಿಸುವ ವಂಶವಾಹಿಗಳ ಗುಚ್ಛವನ್ನು ಪಡೆದುಕೊಂಡ ನಂತರ ಅದು ವ್ಯಾಪಕವಾಗಿ ಹರಡಿತೆಂದೂ ತಿಳಿದುಬಂದಿತು. ಸಿಪ್ರೊಫ್ಲಾಕ್ಸಸಿನ್ ವರ್ಗದ ಔಷಧಕ್ಕೆ ಬಗ್ಗದ ಗುಣವೂ ಆ ಕಾಲಕ್ಕೆ ಸೇರಿಕೊಂಡಿತು. ನಮ್ಮ ಅಂಗಡಿಗಳಲ್ಲಿ ಬಿಡಿಯಾಗಿ ಮಾರಾಟವಾಗುವುದೂ ಇದೇ ಮಾತ್ರೆ. ಅರ್ಧಂಬರ್ಧ ನುಂಗಿದ ಮಾತ್ರೆಗಳಿಂದ ಸಾಯುವುದು ದುರ್ಬಲ ಬ್ಯಾಕ್ಟೀರಿಯಾ; ಉಳಿದ ಬಲಿಷ್ಠ ತಳಿಗೆ ಪೈಪೋಟಿಯಿಲ್ಲದ ಮಾರುಕಟ್ಟೆ ದೊರೆಯುತ್ತದೆ. ಅನಂತರ ಅದು ಕೈ, ಟವೆಲ್, ಹಾಸಿಗೆಗಳ ಮೂಲಕ ಮನೆಮಂದಿಗೆಲ್ಲ ತಲುಪುತ್ತದೆ.

ಕಾನೂನಿನ ಸ್ಥಿತಿ ಸಂದಿಗ್ಧವೇನಲ್ಲ. ಸಿಪ್ರೊಫ್ಲಾಕ್ಸಸಿನ್ ಅನುಸೂಚಿ ಎಚ್‌ಗೆ ಸೇರಿದ್ದು, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಅನುಸೂಚಿ ಎಚ್1 ಆರಂಭದಲ್ಲಿ 46 ಔಷಧಗಳನ್ನು ಒಳಗೊಂಡಿತ್ತು. ಇವುಗಳ ಮಾರಾಟಕ್ಕೆ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧ ಮತ್ತು ಪ್ರಮಾಣವನ್ನು ಪ್ರತ್ಯೇಕ ವಹಿಯಲ್ಲಿ ಬರೆದು 3 ವರ್ಷ ಕಾಪಾಡಬೇಕು. ಲೆಕ್ಕಪರಿಶೋಧಕನ ದೃಷ್ಟಿಯಿಂದ ಹೇಳುವುದಾದರೆ, ಖರೀದಿ ಬಿಲ್ಲುಗಳ ಪ್ರಮಾಣದಿಂದ ಉಳಿದ ದಾಸ್ತಾನನ್ನು ಕಳೆದರೆ ಬರುವ ಮೊತ್ತವು ಈ ವಹಿಯೊಡನೆ ತಾಳೆಯಾಗಲೇಬೇಕು; ಇದನ್ನು ಪರೀಕ್ಷಿಸಲು ಇನ್‌ಸ್ಪೆಕ್ಟರಿಗೆ ಅರ್ಧ ಗಂಟೆ ಸಾಕು. ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡ್‌ಗಳ ಮುಲಾಮುಗಳೂ 2018ರಲ್ಲಿ ಅನುಸೂಚಿ ಎಚ್‌ಗೆ ಸೇರಿವೆ. ಮುಖ ಬೆಳ್ಳಗಾಗಲೆಂದೋ ತುರಿಕೆ ನಿಲ್ಲಲೆಂದೋ ಇವನ್ನು ಕೇಳುವ ಗಿರಾಕಿಗೆ ಇಲ್ಲವೆನ್ನುವುದು ಕಷ್ಟವೆಂದು ಬಲ್ಲೆ. ಆದರೆ ಹುಳುಕಡ್ಡಿಗೆ ಸ್ಟೀರಾಯ್ಡ್ ಹಚ್ಚಿದರೆ ತುರಿಕೆ ಇಳಿದು ರೋಗ ಹಬ್ಬುತ್ತದೆ.

ಸಾಬೂನು, ಕ್ರೀಮು ತಯಾರಿಸುವ ಸಣ್ಣ ಉದ್ಯಮಿಗಳಿಗೂ ಇದರಲ್ಲಿ ಒಂದು ಸಂಗತಿಯಿದೆ. ಮೊಡವೆಗೆ ಸಂಬಂಧಿಸಿದ ಬ್ಯಾಕ್ಟೀರಿಯಾವನ್ನು (2016ರಿಂದ ಇದರ ಹೆಸರು ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್) ಅಮೆರಿಕದ ವಿಜ್ಞಾನಿಗಳು ಮೊಡವೆಯಿದ್ದ 49 ಮತ್ತು ಇಲ್ಲದ 52 ಜನರ ಮೂಗಿನ ಚರ್ಮದಿಂದ ಸಂಗ್ರಹಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಬ್ಯಾಕ್ಟೀರಿಯಾ ಇಬ್ಬರಲ್ಲಿಯೂ ಇತ್ತು. ಆದರೆ 4 ಮತ್ತು 5ನೇ ಮಾದರಿಯ ತಳಿಗಳು ಹೆಚ್ಚಾಗಿ ಮೊಡವೆಯವರಲ್ಲಿಯೂ, 6ನೇ ಮಾದರಿಯದು ಹೆಚ್ಚಾಗಿ ಆರೋಗ್ಯವಂತ ಚರ್ಮದಲ್ಲಿಯೂ ಕಂಡುಬಂದವು. ಹೀಗಿರುವಾಗ ಎಲ್ಲ ಕ್ರಿಮಿಗಳನ್ನೂ ಕೊಲ್ಲುತ್ತದೆ ಎಂದು ಹೊದಿಕೆಯ ಮೇಲೆ ಅಚ್ಚು ಹಾಕುವುದು ಹೆಗ್ಗಳಿಕೆಯೇನಲ್ಲ. ಸಾದಾ ಸಾಬೂನು ನೀರಿಗಿಂತ ಹೆಚ್ಚು ಪ್ರಯೋಜನಕಾರಿಯೆಂದು ತಯಾರಕರು ರುಜುವಾತು ಮಾಡದಿದ್ದ ಕಾರಣ, ಟ್ರೈಕ್ಲೊಸಾನ್ ಸೇರಿ 19 ಕ್ರಿಮಿನಾಶಕ ಪದಾರ್ಥಗಳನ್ನು ಮನೆಬಳಕೆಯ ಸಾಬೂನುಗಳಿಂದ ಅಮೆರಿಕ ಸರ್ಕಾರವು 2016ರಲ್ಲಿ ನಿಷೇಧಿಸಿತು.

ಮಿಲ್ಲಿನ ಮಾಲೀಕರು ಹಮಾಲರಿಗೆ ಪ್ರತ್ಯೇಕ ಟವೆಲ್, ನಲ್ಲಿ ನೀರು ಮತ್ತು ಅದೇ ಸಾದಾ ಸಾಬೂನನ್ನು ಒದಗಿಸಿದರೆ ಖರ್ಚು ಅಲ್ಪ. ಒಬ್ಬನಿಗೆ ಕುರು ಮರುಕಳಿಸುತ್ತಿದ್ದರೆ ಅಥವಾ ಜೊತೆಗಾರರಿಗೂ ಕಾಣಿಸಿಕೊಂಡರೆ, ಹೊಸ ಮಾತ್ರೆ ಬದಲಿಸುವ ಮುನ್ನ ಕಲಬುರಗಿಯಲ್ಲಿ ಕೀವಿನ ಕಲ್ಚರ್ ಪರೀಕ್ಷೆ ಮಾಡಿಸುವುದು ಸೂಕ್ತ. ಇದು ತಳಿ ಸಂಖ್ಯೆಯನ್ನು ಹೇಳುವುದಿಲ್ಲವಾದರೂ, ಯಾವ ಔಷಧ ನಾಟುತ್ತದೆ, ಯಾವುದು ನಾಟುವುದಿಲ್ಲವೆಂಬುದನ್ನು ಎರಡು-ಮೂರು ದಿನಗಳಲ್ಲಿ ತಿಳಿಸುತ್ತದೆ. ಇಎಸ್‌ಐ ಕಂತು ಕಟ್ಟುತ್ತಿರುವ ಘಟಕಗಳ ಕಾರ್ಮಿಕರು ಇದಕ್ಕಾಗಿ ಕಲಬುರಗಿಯ ಇಎಸ್‌ಐಸಿ ಆಸ್ಪತ್ರೆಗೆ ಹೋಗಬಹುದು.