ಲೋಹದ ಸಂದಿಯಲ್ಲಿ ಕೂತ ಬಲ

ಕೈಲ್ ಪೊಳ್ದ್ ಹಬ್ಬದಲ್ಲಿ ಕೊಡಗಿನ ಮನೆಗಳಲ್ಲಿ ಕೋವಿಯ ಜೊತೆಗೆ ಒಡಿಕತ್ತಿ, ಪೀಚೆಕತ್ತಿಗಳಿಗೂ ಪೂಜೆ ಸಲ್ಲುತ್ತದೆ. ಮದುವೆಯಲ್ಲಿ ಬಾಳೆ ಕಡಿಯುವ ಶಾಸ್ತ್ರಕ್ಕೂ ಒಡಿಕತ್ತಿಯೇ ಬೇಕು. ಒಂದೇ ಏಟಿಗೆ ದಿಂಡು ತುಂಡಾಗಬೇಕಾದರೆ ಅಲಗು ಗಡುಸಾಗಿರಬೇಕು. ಏಟು ತಪ್ಪಿ ಕಲ್ಲಿಗೆ ತಗುಲಿದರೆ ಮುರಿಯಲೂ ಬಾರದು. ಬರೀ ಕಬ್ಬಿಣದಿಂದ ಇವೆರಡೂ ಒಟ್ಟಿಗೆ ಸಾಧ್ಯವಿಲ್ಲ. ಅದರೊಳಗೆ ತೀರ ಸ್ವಲ್ಪ ಇಂಗಾಲ ಸೇರಿರಬೇಕು. ಹೈ ಎಂಟ್ರಪಿ ಮಿಶ್ರಲೋಹಗಳೆಂಬ ಹೊಸ ಲೋಹಗಳನ್ನು ಬಲಪಡಿಸಲು ವಿಜ್ಞಾನಿಗಳು ಈಗ ಬಳಸುತ್ತಿರುವುದೂ ಇದೇ ಉಪಾಯವನ್ನು.

ಸಮಪಾಲಿನ ಲೋಹ

ಉಕ್ಕಿನಲ್ಲಿ ಕಬ್ಬಿಣವೇ ಪ್ರಧಾನ, ಉಳಿದವು ಅಲ್ಪಸ್ವಲ್ಪ. ಹೈ ಎಂಟ್ರಪಿ ಮಿಶ್ರಲೋಹದಲ್ಲಿ ಸಾಮಾನ್ಯವಾಗಿ ಐದು ಅಥವಾ ಅದಕ್ಕಿಂತ ಹೆಚ್ಚು ಲೋಹಗಳು ಹೆಚ್ಚುಕಡಿಮೆ ಸಮಪಾಲಿನಲ್ಲಿರುತ್ತವೆ. ಬ್ರಿಟನ್ನಿನ ಬ್ರಯಾನ್ ಕ್ಯಾಂಟರ್ ಅವರ ತಂಡ 2004ರಲ್ಲಿ ವರದಿ ಮಾಡಿದ ಪ್ರಸಿದ್ಧ ಮಿಶ್ರಲೋಹದಲ್ಲಿ ಕ್ರೋಮಿಯಂ, ಮ್ಯಾಂಗನೀಸ್, ಕಬ್ಬಿಣ, ಕೋಬಾಲ್ಟ್, ನಿಕಲ್ ತಲಾ ಐದನೇ ಒಂದು ಪಾಲು. ಅದೇ ವರ್ಷ ತೈವಾನಿನ ಜಿಯೆನ್‌-ವೇ ಯೇ ಅವರ ತಂಡ ಇಂಥ ಲೋಹಗಳಿಗೆ 'ಹೈ ಎಂಟ್ರಪಿ' ಎಂಬ ಹೆಸರು ಕೊಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಸ್. ರಂಗನಾಥನ್ ಅದಕ್ಕೂ ಮೊದಲೇ, 2003ರಲ್ಲಿ, 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬಹುಲೋಹಗಳ ಈ ಹೊಸ ದಾರಿಯ ಬಗ್ಗೆ ಬರೆದಿದ್ದರು. ದಕ್ಷಿಣ ಭಾರತದ ಪ್ರಾಚೀನ ಮೂಸೆ ಉಕ್ಕಿನ ಬಗ್ಗೆ ಶಾರದಾ ಶ್ರೀನಿವಾಸನ್ ಅವರೊಡನೆ ಪುಸ್ತಕ ಬರೆದವರೂ ಅವರೇ.

ಸಂದಿ ಎಲ್ಲಿದೆ?

ಲೋಹದಲ್ಲಿ ಪರಮಾಣುಗಳು ಸಾಲಾಗಿ, ಪದರ ಪದರವಾಗಿ ಜೋಡಣೆಯಾಗಿರುತ್ತವೆ. ಒತ್ತಾಗಿ ಪೇರಿಸಿದ ಕೊಡಗಿನ ಕಿತ್ತಳೆಯ ರಾಶಿ ಎಂದುಕೊಳ್ಳಿ. ಆರು ಹಣ್ಣುಗಳ ನಡುವೆ ಉಳಿಯುವ ಸಂದಿಯಲ್ಲಿ ಒಂದು ನೆಲ್ಲಿಕಾಯಿ ಕೂರಬಹುದು. ಕಬ್ಬಿಣದ ಪರಮಾಣು ಕಿತ್ತಳೆಯಷ್ಟಿದ್ದರೆ ಇಂಗಾಲ ನಿಂಬೆಹಣ್ಣಿನಷ್ಟು. ಅದು ಸಂದಿಯೊಳಗೆ ಹೊಕ್ಕಾಗ ಸುತ್ತಲಿನವನ್ನು ಒತ್ತರಿಸುತ್ತದೆ. ಇಂಗಾಲ, ಸಾರಜನಕ, ಆಮ್ಲಜನಕ, ಬೋರಾನ್‌ ಹೀಗೆ ಸಂದಿ ಸೇರುವ ಮುಖ್ಯ ಧಾತುಗಳು.

ಲೋಹ ಬಾಗುವಾಗ ಪದರಗಳು ಒಟ್ಟಿಗೇ ಜಾರುವುದಿಲ್ಲ. ಜೋಡಣೆಯಲ್ಲಿರುವ ಗೆರೆಯಂಥ ದೋಷಗಳು ಒಂದೊಂದು ಸಾಲಾಗಿ ಮುಂದೆ ಸರಿಯುತ್ತವೆ. ಇವಕ್ಕೆ ಡಿಸ್‌ಲೊಕೇಶನ್ ಎನ್ನುತ್ತಾರೆ. ಸಂದಿಯ ಧಾತು ಎಬ್ಬಿಸಿದ ಒತ್ತಡ ಇವುಗಳನ್ನು ತಡೆಯುತ್ತದೆ. ತಡೆ ಹೆಚ್ಚಿದಷ್ಟೂ ಲೋಹವನ್ನು ಬಗ್ಗಿಸಲು ಹೆಚ್ಚು ಬಲ ಬೇಕು. ಹೈ ಎಂಟ್ರಪಿ ಮಿಶ್ರಲೋಹದಲ್ಲಿ ಬೇರೆ ಬೇರೆ ಗಾತ್ರದ ಪರಮಾಣುಗಳಿರುವುದರಿಂದ ಜೋಡಣೆ ಮೊದಲೇ ಅಂಕುಡೊಂಕು; ಒಂದು ಸಂದಿಯಂತೆ ಇನ್ನೊಂದು ಇರುವುದಿಲ್ಲ. ಕ್ಯಾಂಟರ್ ಮಿಶ್ರಲೋಹದಂಥವುಗಳಲ್ಲಿ ಇಂಗಾಲಕ್ಕೆ ನಿಕಲ್‌ಗಿಂತ ಕ್ರೋಮಿಯಂ ಹತ್ತಿರವೇ ಒಲವು ಹೆಚ್ಚು.

ಮಿತಿ ಮೀರಿದರೆ

ಇಂಗಾಲ ಅತಿಯಾದರೆ ಸಂದಿಯಲ್ಲಿ ಉಳಿಯದೆ ಕ್ರೋಮಿಯಂ ಜೊತೆ ಕೂಡಿ ಕಾರ್ಬೈಡ್ ಆಗುತ್ತದೆ. ನುಣ್ಣಗಿನ ಕಾರ್ಬೈಡ್ ಕಣಗಳು ಲೋಹದ ತುಂಬ ಹರಡಿದ್ದರೆ ಬಲ ಹೆಚ್ಚುತ್ತದೆ. ಅವೇ ದಪ್ಪವಾಗಿ, ಲೋಹವನ್ನು ರೂಪಿಸುವ ಸಣ್ಣ ಹರಳುಗಳ ಗಡಿಯುದ್ದಕ್ಕೂ ಸಾಲುಗಟ್ಟಿದರೆ ಬಿರುಕು ಅಲ್ಲಿಂದಲೇ ಶುರು. ಜರ್ಮನಿಯ ಡೀರ್ಕ್ ರಾಬೆ ಅವರ ತಂಡ 2017ರಲ್ಲಿ ಕಬ್ಬಿಣ, ಮ್ಯಾಂಗನೀಸ್, ಕೋಬಾಲ್ಟ್, ಕ್ರೋಮಿಯಂ ಮಿಶ್ರಣಕ್ಕೆ ಪರಮಾಣು ಲೆಕ್ಕದಲ್ಲಿ ಕೇವಲ 0.5 ಶೇಕಡ ಇಂಗಾಲ ಸೇರಿಸಿತು. ಎಳೆದಾಗ ಆ ಲೋಹದ ಹರಳುಗಳ ಒಳರಚನೆಯೇ ಬದಲಾಗುತ್ತ ಹೋಗಿ, ಬಲದ ಜೊತೆ ಮುರಿಯದೆ ಹಿಗ್ಗುವ ಗುಣವೂ ಉಳಿಯಿತು.

ಆಮ್ಲಜನಕದ ಕಥೆ ಇನ್ನೂ ಅಚ್ಚರಿಯದು. ಟೈಟಾನಿಯಂನಂಥ ಲೋಹಗಳಿಗೆ ಅದು ಹೆಚ್ಚು ಸೇರಿದರೆ ಅವು ಪೆಡಸಾಗಿ ಮುರಿಯುತ್ತವೆ. ಆದರೆ 2018ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಸಂಶೋಧನೆಯಲ್ಲಿ ಟೈಟಾನಿಯಂ, ಜಿರ್ಕೋನಿಯಂ, ಹ್ಯಾಫ್ನಿಯಂ, ನಿಯೋಬಿಯಂ ಮಿಶ್ರಣಕ್ಕೆ ಪರಮಾಣು ಲೆಕ್ಕದ 2 ಶೇಕಡ ಆಮ್ಲಜನಕ ಸೇರಿಸಿದಾಗ ಬಲ 48.5 ಶೇಕಡ, ಹಿಗ್ಗುವ ಗುಣ 95 ಶೇಕಡ ಹೆಚ್ಚಿದವು. ಆಮ್ಲಜನಕ ಅಕ್ಕಪಕ್ಕದ ಲೋಹಗಳ ಜೊತೆ ಸಣ್ಣ ಸಣ್ಣ ಗುಂಪುಗಳಾಗಿ ಕೂಡಿತ್ತು. ಅವು ಡಿಸ್‌ಲೊಕೇಶನ್‌ಗಳನ್ನು ತಡೆದವು. ಜೊತೆಗೆ ಅವುಗಳನ್ನು ಒಂದೇ ಪದರದಲ್ಲಿ ಒತ್ತೊತ್ತಾಗಿ ಸೇರಲು ಬಿಡದೆ ಎಲ್ಲೆಡೆ ಹಂಚಿದವು. ಅಷ್ಟೇ ಪ್ರಮಾಣದ ಸಾರಜನಕ ಬಲ ಹೆಚ್ಚಿಸಿತು, ಹಿಗ್ಗುವ ಗುಣವನ್ನು ಕಡಿಮೆ ಮಾಡಿತು.

ಹದ ಕೊಡುವುದೆಂದರೆ

ಪ್ರಮಾಣದಷ್ಟೇ ಮುಖ್ಯ ಶಾಖ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಕಬ್ಬಿಣದ ಜೊತೆ ತಂಗಡಿ ಕಡ್ಡಿ, ಹಸಿ ಎಲೆ ಇಟ್ಟು ಮಣ್ಣಿನ ಮೂಸೆ ಮುಚ್ಚಿ ಕಾಯಿಸಿ ಉಕ್ಕು ಮಾಡುವುದನ್ನು ವಿವರಿಸಿದ್ದಾನೆ. ಗಿಡದ ಇಂಗಾಲ ಕಬ್ಬಿಣಕ್ಕೆ ಸೇರುತ್ತಿದ್ದುದು ಹೀಗೆ. ಕುಲುಮೆಯಲ್ಲಿ ಕತ್ತಿ ಚೆನ್ನಾಗಿ ಕೆಂಪಾದಾಗ ಕಬ್ಬಿಣದ ಜೋಡಣೆ ಬದಲಾಗಿ ಇಂಗಾಲ ಸಂದಿಗಳಲ್ಲಿ ಕರಗುತ್ತದೆ. ಥಟ್ಟನೆ ನೀರಿಗೋ ಎಣ್ಣೆಗೋ ಅದ್ದಿದರೆ ಹೊರಬರಲಾಗದೆ ಅಲ್ಲೇ ಸಿಕ್ಕಿಬೀಳುತ್ತದೆ. ಅಲಗು ಗಡುಸಾಗುತ್ತದೆ, ಆದರೆ ಪೆಡಸು. ಮತ್ತೆ ಹಗುರವಾಗಿ ಕಾಯಿಸಿದಾಗ ಸ್ವಲ್ಪ ಇಂಗಾಲ ಹೊರಬಂದು ಆ ಪೆಡಸುತನ ತಗ್ಗುತ್ತದೆ.

ಹೊಸ ಮಿಶ್ರಲೋಹದ ಬಗ್ಗೆ ಓದುವ ವಿದ್ಯಾರ್ಥಿಗಳು ಮೂರು ಸಂಗತಿ ನೋಡಬೇಕು. ಒಂದು, ಶೇಕಡವಾರು ತೂಕದ್ದೋ ಪರಮಾಣುವಿನದೋ: ಉಕ್ಕಿನಲ್ಲಿ ತೂಕದ 0.6 ಶೇಕಡ ಇಂಗಾಲವೆಂದರೆ ಪರಮಾಣು ಲೆಕ್ಕದಲ್ಲಿ ಸುಮಾರು 2.7 ಶೇಕಡ. ಎರಡು, ಸೇರಿಸಿದ್ದು ಸಂದಿಯಲ್ಲಿದೆಯೋ ಕಾರ್ಬೈಡ್ ಆಗಿದೆಯೋ. ಮೂರು, ಬಲ ಹೆಚ್ಚಿದಾಗ ಹಿಗ್ಗುವ ಗುಣ ಎಷ್ಟು ಉಳಿಯಿತು. ಬಲದ ಅಂಕಿಯೊಂದನ್ನೇ ಕೊಟ್ಟ ವರದಿಯನ್ನು ನಂಬಿ ಯಂತ್ರದ ಭಾಗ ಮಾಡಲಾಗದು. ಮುರಿಯುವ ಮುನ್ನ ಬಾಗಿ ಎಚ್ಚರಿಸುವ ಲೋಹದ ಮೇಲೆಯೇ ಜನರ ಜೀವ ನಿಂತಿರುತ್ತದೆ.