ನಸುಕಿನ ಓಟ

ಉಮದಿ ರಸ್ತೆಯಲ್ಲಿ ನಸುಕಿಗೇ ಹುಡುಗರ ಓಟ. ಹೊಲಕ್ಕೆ ಹೊರಟ ನನಗೆ ದಿನಾ ಎದುರಾಗುತ್ತಾರೆ, ಹೆಚ್ಚಿನವರು ಬಿ.ಎ. ಓದುವವರು.

'ಮೈ ಇಳಿಸಾಕೇನೋ ತಮ್ಮಾ?' ಅಂದೆ ಒಬ್ಬನಿಗೆ.

'ಇಳಿಸಾಕ ಮೈ ಎಲ್ಲೈತ್ರಿ ಕಾಕಾ? ಭರತಿಗೆ.'

ಮಹಾರಾಷ್ಟ್ರ ಪೊಲೀಸ್ ಶಿಪಾಯಿ ಭರತಿಗೆ 1600 ಮೀಟರ್ ಓಟ, 100 ಮೀಟರ್ ಓಟ, ಗುಂಡು ಎಸೆತ ಸೇರಿ 50 ಅಂಕ. ಹೆಣ್ಣುಮಕ್ಕಳಿಗೆ ದೊಡ್ಡ ಓಟ 800 ಮೀಟರ್.

'ಮಿಲಿಟರಿ ಬ್ಯಾಡೇನು?'

2022ರಲ್ಲಿ ಅಗ್ನಿಪಥ ಬಂತಲ್ಲ. ನಾಲ್ಕೇ ವರ್ಷ, ಆಮೇಲೆ ಉಳಿಯುವವರು ನೂರಕ್ಕೆ 25.

'ಮತ್ತ ಹೊಲಕ್ಕ ಬರೂದಲ್ರಿ' ಅಂದ. ನಮ್ಮ ಹೊಲ, ನಮ್ಮ ಮಳೆ ಅವನಿಗೂ ಗೊತ್ತು.

ಓಟ ಗೆದ್ದರೆ 100 ಅಂಕದ ಲೇಖಿ ಪರೀಕ್ಷೆ, ಮರಾಠಿಯಲ್ಲಿ. ಅವನು ಹತ್ತನೆಯವರೆಗೆ ಓದಿದ್ದು ಕನ್ನಡ. ಎರಡು ಭಾಷೆಯಲ್ಲಿ ಕವಿತೆ ಕಟ್ಟುವ ನಾನೂ ಆ ಪೇಪರು ಬಿಡಿಸಲಾರೆ.

ಮರಾಠಿ ವ್ಯಾಕರಣದ ಪುಸ್ತಕವನ್ನು ಮೈಲಿಗಲ್ಲಿನ ಮೇಲಿಟ್ಟು ಮತ್ತೆ ಓಡಿದ.